ಪಾಟಿ ಹಿಡಿದ ತಿಂಗಳಲ್ಲಿ ಕೇಳಿದ ಹಿಲ್ಡೆಗಾರ್ಡ್

ಹೋದ ವರ್ಷ ಜುಲೈ ತಿಂಗಳಿಡೀ ನಾನು ಕೊರಳಿಗೆ ಒಂದು ಪಾಟಿಯನ್ನು ತೂಗುಹಾಕಿಕೊಂಡು ಬೆಳಗಾವಿಯ ಮಳೆಯಲ್ಲಿ ಓಡಾಡಿದೆ. ಇಪ್ಪತ್ತೆರಡು ವರ್ಷ ಪ್ರಾಥಮಿಕ ಶಾಲೆಯ ತುಂಬಿದ ವರ್ಗಗಳಲ್ಲಿ ಏರುದನಿಯಲ್ಲಿ ಪಾಠ ಹೇಳಿದ್ದೂ, ನೆಗಡಿಯಿದ್ದ ದಿನವೂ ಹಟ ಹಿಡಿದು ಬೆಳಗಿನ ಸಂಗೀತದ ರಿಯಾಜಿಗೆ ಕುಳಿತದ್ದೂ ಸೇರಿ, ಧ್ವನಿತಂತುಗಳ ಮೇಲೆ ಎರಡು ಸಣ್ಣ ಗಂಟುಗಳು ಎದ್ದಿದ್ದವು. ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ, ಪರದೆಯ ಮೇಲೆ ಅವುಗಳನ್ನು ನನಗೇ ತೋರಿಸಿ, "ಅಕ್ಕೋರ, ಒಂದು ತಿಂಗಳ ಮಾತು ಬಂದ್ ಮಾಡ್ರಿ. ಹಾಡೂ ಬ್ಯಾಡ. ಪಿಸುಮಾತಂತೂ ಬ್ಯಾಡೇ ಬ್ಯಾಡ, ಅದು ಮಾತಾಡೂದಕ್ಕಿಂತ ಕೆಟ್ಟ" ಎಂದರು. ಪಿಸುಗುಟ್ಟುವಾಗ ಗಂಟಲು ವಿಶ್ರಾಂತಿ ಪಡೆಯುತ್ತದೆ ಎಂದೇ ನಾನು ಅಲ್ಲಿಯವರೆಗೆ ನಂಬಿದ್ದೆ. ಅದು ಹಾಗಲ್ಲವಂತೆ, ದನಿಯನ್ನು ಹಿಡಿದಿಡುವ ಪ್ರಯತ್ನದಲ್ಲಿ ಗಂಟಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ತಂತುಗಳು ಒಣಗುತ್ತವೆ. ಈ ಒಂದು ಮಾತು ಮುಂದೆ ಎಂಟುನೂರು ವರ್ಷಕ್ಕೂ ಹಿಂದಿನ ಒಂದು ಜಗಳವನ್ನು ನನಗೆ ಅರ್ಥಮಾಡಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿಯೇ ಪಾಠ ಹೇಳುವ, ಕ್ಯಾಂಪ್ ಪ್ರದೇಶದಲ್ಲಿ ಮನೆಯಿರುವ ಗೆಳತಿಯೊಬ್ಬಳು ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯಲ್ಲಿ, ಎಂದರೆ ಮಾಸ್‌ನಲ್ಲಿ, ಹಾಡುವವರ ಗುಂಪಿನಲ್ಲಿದ್ದಾಳೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುವ ಅವಳು ನನ್ನ ಪಾಟಿಯನ್ನು ನೋಡಿ ಮೊದಲು ನಕ್ಕು, ಆಮೇಲೆ ಮರುಗಿ, "ಹಾಡಾಕ ಬರದಿದ್ರ ಕೇಳಾಕರ ಬರ್ತದಲ್ಲ, ಅಕ್ಕಾ" ಎಂದು ನನ್ನ ಮೊಬೈಲಿಗೆ ಕೆಲವು ಹಾಡುಗಳನ್ನು ಹಾಕಿಕೊಟ್ಟಳು. ಅವೆಲ್ಲವೂ ಬಿಂಗೆನ್‌ನ ಹಿಲ್ಡೆಗಾರ್ಡ್ ಎಂಬ ಜರ್ಮನ್ ಸನ್ಯಾಸಿನಿಯ ರಚನೆಗಳಾಗಿದ್ದವು. ಆ ಹೆಸರನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಹಿಲ್ಡೆಗಾರ್ಡ್ ಹುಟ್ಟಿದ್ದು 1098ರಲ್ಲಿ, ರೈನ್ ನದಿಯ ಸೀಮೆಯ ಒಂದು ಕುಲೀನ ಮನೆತನದಲ್ಲಿ. ಬಾಲ್ಯದಲ್ಲಿಯೇ ತಂದೆತಾಯಿಗಳು ಅವಳನ್ನು ದೇವರಿಗೆ ಒಪ್ಪಿಸಿದರು. 1112ರ ನವೆಂಬರ್ 1ರಂದು, ಡಿಸಿಬೋಡೆನ್‌ಬರ್ಗ್ ಎಂಬ ಗುಡ್ಡದ ಮೇಲಿನ ಗಂಡಸರ ಮಠಕ್ಕೆ ಅಂಟಿಕೊಂಡ ಕೋಣೆಯಲ್ಲಿ, ಯುಟ್ಟಾ ಎಂಬ ತಪಸ್ವಿನಿಯ ಜೊತೆಗೆ ಅವಳನ್ನು ಸೇರಿಸಿ ಬಾಗಿಲು ಮುಚ್ಚಲಾಯಿತು. ಬೈಬಲಿನ ಕೀರ್ತನೆಗಳನ್ನು ಓದಲು ಮತ್ತು ಹಾಡಲು ಕಲಿಸಿದವಳು ಯುಟ್ಟಾ. 1136ರಲ್ಲಿ ಯುಟ್ಟಾ ತೀರಿಕೊಂಡಾಗ ಅಲ್ಲಿನ ಹೆಣ್ಣುಮಕ್ಕಳು ಹಿಲ್ಡೆಗಾರ್ಡಳನ್ನು ತಮ್ಮ ಹಿರಿಯಳನ್ನಾಗಿ ಆರಿಸಿಕೊಂಡರು. ಸಣ್ಣಂದಿನಿಂದಲೇ ಅವಳಿಗೆ ಬೆಳಕಿನ ದರ್ಶನಗಳಾಗುತ್ತಿದ್ದವು; ಕಣ್ಣು ತೆರೆದಿರುವಾಗ, ಎಚ್ಚರದಲ್ಲಿಯೇ ಅವುಗಳನ್ನು ಕಂಡೆನೆಂದು ಅವಳು ಒತ್ತಿ ಹೇಳುತ್ತಾಳೆ. 1141ರಲ್ಲಿ ಅವನ್ನು ಬರೆಯಬೇಕೆಂಬ ಅಪ್ಪಣೆ ಅವಳಿಗೆ ಕೇಳಿಸಿತು. ಫೋಲ್ಮಾರ್ ಎಂಬ ಸನ್ಯಾಸಿ ಬರಹಕ್ಕೆ ನೆರವಾದ. ಟ್ರಿಯರ್ ನಗರದಲ್ಲಿ 1147-48ರಲ್ಲಿ ಸೇರಿದ ಸಭೆಯಲ್ಲಿ ಪೋಪ್ ಮೂರನೆಯ ಯುಜೀನಿಯಸ್ ಆ ಬರಹಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಅವಳ ಮಾತಿಗೆ ಯುರೋಪಿನಲ್ಲಿ ತೂಕ ಬಂತು. ಈ ದರ್ಶನಗಳನ್ನು ಅರೆತಲೆನೋವಿನ ಲಕ್ಷಣವೆಂದು ಬಗೆಹರಿಸುವ ವೈದ್ಯರಿದ್ದಾರೆ. ಇರಬಹುದು, ತಲೆನೋವು ನನಗೂ ಬರುತ್ತದೆ, ಹಾಡು ಮಾತ್ರ ಬರುವುದಿಲ್ಲ.

ಹಾಡಿನ ಮಾತಿಗೆ ಬರುತ್ತೇನೆ, ಏಕೆಂದರೆ ಆ ತಿಂಗಳಿಡೀ ನಾನು ಮಾಡಿದ ಕೆಲಸ ಅದೊಂದೇ. ಹಿಂದೂಸ್ತಾನಿ ಖಯಾಲ್ ಕೇಳಿ ಬೆಳೆದ ಕಿವಿಗೆ ಪಾಶ್ಚಾತ್ಯ ಸಂಗೀತವೆಂದರೆ ಹಲವು ದನಿಗಳು ಏಕಕಾಲಕ್ಕೆ ಬೇರೆ ಬೇರೆ ಸ್ವರಗಳಲ್ಲಿ ನಿಲ್ಲುವ ಕಟ್ಟಡ ಎಂಬ ಕಲ್ಪನೆಯಿರುತ್ತದೆ. ಹಿಲ್ಡೆಗಾರ್ಡಳ ಹಾಡಿನಲ್ಲಿ ಅದಿಲ್ಲ. ಇರುವುದು ಒಂದೇ ಎಳೆ. ತಾಳವಿಲ್ಲ, ಎಣಿಕೆಯ ಲಯವಿಲ್ಲ. ಲ್ಯಾಟಿನ್ ಪದಗಳ ಉಸಿರಾಟವೇ ನಡಿಗೆ. ಹಸ್ತಪ್ರತಿಗಳಲ್ಲಿ ಗೆರೆಗಳ ಮೇಲೆ ಸ್ವರಚಿಹ್ನೆಗಳನ್ನು ಬರೆದಿರುವುದರಿಂದ ಸ್ವರ ಎಲ್ಲಿಗೆ ಏರಬೇಕು, ಎಲ್ಲಿಗೆ ಇಳಿಯಬೇಕು ಎಂಬುದು ತಿಳಿಯುತ್ತದೆ, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಹಾಡುವವರ ವಿವೇಕಕ್ಕೆ ಬಿಟ್ಟದ್ದು. ಈಗಿನ ಅನೇಕ ಗಾಯಕಿಯರು ಕೆಳಗೆ ಒಂದು ಆಧಾರಸ್ವರವನ್ನು ಹಿಡಿದು ಹಾಡುತ್ತಾರೆ. ಅದು ಹಸ್ತಪ್ರತಿಯಲ್ಲಿ ಇಲ್ಲದ ಸೇರ್ಪಡೆಯೇ ಆದರೂ, ತಂಬೂರಿಯ ಮಗ್ಗುಲಲ್ಲಿ ಕುಳಿತು ಕಲಿತವರಿಗೆ ಮನೆಗೆ ಬಂದಂತಾಗುತ್ತದೆ.

ಅವಳ ಕಾಲದ ದೇವಾಲಯದ ಹಾಡುಗಳು ಸಾಮಾನ್ಯವಾಗಿ ಒಂದು ಸಪ್ತಕದ ಆಸುಪಾಸಿನಲ್ಲಿ, ಪಕ್ಕದ ಮೆಟ್ಟಿಲಿಗೆ ಮಾತ್ರ ಕಾಲಿಡುತ್ತ ಸಾಗುತ್ತವೆ. ಇವಳು ಹಾಗೆ ನಡೆಯುವವಳಲ್ಲ. ನೆಲೆಸ್ವರದಿಂದ ನೆಗೆದು ಪಂಚಮಕ್ಕೆ, ಅಲ್ಲಿ ನಿಂತೂ ನಿಲ್ಲದಂತೆ ಮೇಲಿನ ಷಡ್ಜಕ್ಕೆ. ಅನೇಕ ಹಾಡುಗಳು ಈ ನೆಗೆತದಿಂದಲೇ ಬಾಯಿ ತೆರೆಯುತ್ತವೆ. ದೇವದೂತರನ್ನು ಕುರಿತ ಒಂದು ರಚನೆಯಂತೂ ಎರಡು ಸಪ್ತಕಗಳನ್ನೂ ಮೀರಿ ಹರಡಿದೆ. ಒಂದೇ ಅಕ್ಷರದ ಮೇಲೆ ಹತ್ತಾರು ಸ್ವರಗಳು ಸುತ್ತಿ ಸುತ್ತಿ ಬರುವಾಗ ನನಗೆ 'ಆ' ಎಂಬ ಒಂದೇ ಅಕ್ಷರದ ಮೇಲೆ ರಾಗವನ್ನು ನಿಧಾನವಾಗಿ ಬೆಳೆಸುವ ಬಢತ್ ನೆನಪಾಗುತ್ತಿತ್ತು. ಹಲವು ಹಾಡುಗಳು ಪಾಶ್ಚಾತ್ಯರ ಇ (E) ಸ್ವರದಲ್ಲಿ ನೆಲೆಗೊಳ್ಳುವುದರಿಂದ ಅವುಗಳ ಸ್ವರಗಳು ನಮ್ಮ ಭೈರವಿ ಥಾಟಿನ, ಎಂದರೆ ಆ ಸ್ವರಗುಂಪಿನ, ಸ್ವರಗಳಿಗೆ ಹೊಂದುತ್ತವೆ. ಆದರೆ "ಇದು ಭೈರವಿಯೇ" ಎಂದು ಹೇಳುವ ಉತ್ಸಾಹವನ್ನು ನಾನು ಬೇಗನೆ ಬಿಟ್ಟುಬಿಟ್ಟೆ. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗವಾಗುವುದಿಲ್ಲ. ಭೈರವಿಯಲ್ಲಿ ಎಲ್ಲಿ ತಡೆದು ನಿಲ್ಲುತ್ತೇವೋ ಅಲ್ಲಿ ಇವಳು ನಿಲ್ಲುವುದಿಲ್ಲ, ನಾವು ಸರಿದುಹೋಗುವ ಜಾಗದಲ್ಲಿ ಇವಳು ಕೂತುಬಿಡುತ್ತಾಳೆ.

ನಾನು ಅತಿ ಹೆಚ್ಚು ಸಲ ಕೇಳಿದ್ದು ಪ್ರೀತಿಯನ್ನು ಕುರಿತ ಒಂದು ಪುಟ್ಟ ಹಾಡು. ಪ್ರೀತಿ ಎಲ್ಲದರಲ್ಲಿಯೂ ತುಂಬಿ ತುಳುಕುತ್ತದೆ, ಆಳದ ತಳದಿಂದ ನಕ್ಷತ್ರಗಳ ಆಚೆಗೂ ಏರುತ್ತದೆ, ಪರಮರಾಜನಿಗೆ ಶಾಂತಿಯ ಮುತ್ತನ್ನು ಕೊಟ್ಟದ್ದು ಅದೇ, ಎಂಬುದಷ್ಟೇ ಅದರ ಸಾಹಿತ್ಯ. ಮುತ್ತು ಕೊಡುವವಳು ಹೆಣ್ಣು. ಅವಳ ದರ್ಶನಗಳಲ್ಲಿ ಪ್ರೀತಿಯೂ ವಿವೇಕವೂ ಹೆಣ್ಣಿನ ರೂಪದಲ್ಲಿ ಬರುತ್ತವೆ. ಇನ್ನೊಂದು ಹಾಡಿನಲ್ಲಿ ಸೂರ್ಯನಲ್ಲಿ ಬೇರೂರಿದ ಹಸಿರನ್ನು ಅವಳು ಹೊಗಳುತ್ತಾಳೆ. ವಿರಿದಿತಾಸ್ ಎಂಬ ಲ್ಯಾಟಿನ್ ಪದ ಅವಳ ಬರಹದಲ್ಲೆಲ್ಲ ಮರಳಿ ಮರಳಿ ಬರುತ್ತದೆ. ಎಲೆಯ ಬಣ್ಣವೂ ಅದೇ, ಕಾಂಡದೊಳಗಿನ ರಸವೂ ಅದೇ, ಜೀವಕ್ಕೆ ಬಲ ಕೊಡುವ ದೈವದ ಕಸುವೂ ಅದೇ. ಪಾಪವೆಂದರೆ ಅವಳಿಗೆ ಒಣಗುವಿಕೆ. ಇಂಗ್ಲಿಷಿನಲ್ಲಿ ಈ ಪದವನ್ನು ವಿವರಿಸುವವರು ಬಹಳ ಕಷ್ಟಪಡುವುದನ್ನು ನೋಡಿದ್ದೇನೆ. ಕನ್ನಡದವರಿಗೆ ಅಷ್ಟು ಕಷ್ಟವಿಲ್ಲ, ಏಕೆಂದರೆ ನಮ್ಮಲ್ಲಿ ಹಸಿರು ಹಸಿಯ ಒಡಹುಟ್ಟು. ಹಸಿ ಇರುವಲ್ಲಿ ಹಸಿರು ಇರುತ್ತದೆ ಎಂಬುದನ್ನು ಬಿತ್ತುವ ಮೊದಲು ಒಂದು ಹಿಡಿ ಮಣ್ಣನ್ನು ಒತ್ತಿ ನೋಡುವ ನಮ್ಮ ರೈತರು ಯಾವ ದರ್ಶನವೂ ಇಲ್ಲದೆ ಬಲ್ಲರು. ಒಣಗಿದ ಧ್ವನಿತಂತುಗಳಿಗೆ ದಿನಕ್ಕೆ ಎರಡು ಸಲ ಹಬೆ ಹಿಡಿಯುತ್ತ ಕುಳಿತಿದ್ದ ನನಗೆ ಆ ಪದ ಸ್ವಲ್ಪ ಹೆಚ್ಚೇ ಹತ್ತಿರವಾಯಿತು.

ತಾನು ಯಾವ ಮನುಷ್ಯನಿಂದಲೂ ಸಂಗೀತ ಕಲಿತವಳಲ್ಲ, ಸ್ವರಚಿಹ್ನೆಯನ್ನೂ ಕಲಿಯದೆ ಹಾಡು ಕಟ್ಟಿದೆ ಎಂದು ಹಿಲ್ಡೆಗಾರ್ಡ್ ಹೇಳಿಕೊಂಡಿದ್ದಾಳೆ. ಅದೇ ಶತಮಾನದಲ್ಲಿ ಬಸವಣ್ಣನವರು ತಾಳಮಾನ ಸರಿಸವನರಿಯೆ ಎಂದು ತೊಡಗಿ "ಆನು ಒಲಿದಂತೆ ಹಾಡುವೆ" ಎಂದು ಮುಗಿಸಿದ್ದು ನಮ್ಮ ಕಡೆಯ ಯಾರಿಗಾದರೂ ಇಲ್ಲಿ ನೆನಪಾಗದೆ ಇರದು. ಆದರೂ ಅವಳ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಸಂತ ಬೆನೆಡಿಕ್ಟನ ಮಠನಿಯಮದಂತೆ ಹಗಲು ಏಳು ಸಲ, ರಾತ್ರಿ ಒಂದು ಸಲ ಸೇರಿ, ವಾರದಲ್ಲಿ ನೂರೈವತ್ತೂ ಕೀರ್ತನೆಗಳನ್ನು ಹಾಡಿ ಮುಗಿಸುವ ಮನೆಯಲ್ಲಿ ಹದಿನಾಲ್ಕನೆಯ ವಯಸ್ಸಿನಿಂದ ಬದುಕಿದವಳು ಸಂಗೀತ ಕಲಿತಿಲ್ಲ ಎನ್ನುವುದು, ಗವಾಯಿಗಳ ಮನೆಯಲ್ಲಿ ಬೆಳೆದ ಕೂಸು ತನಗೆ ಯಾರೂ ಪಾಠ ಹೇಳಿಲ್ಲ ಎಂದಂತೆ. ಕಲಿತಿಲ್ಲವೆಂದು ಹೇಳುವುದರಿಂದ ಅವಳಿಗೆ ಒಂದು ರಕ್ಷಣೆಯೂ ಇತ್ತು. ಹಾಡು ತನ್ನದಲ್ಲ, ಮೇಲಿನಿಂದ ಇಳಿದದ್ದು ಎಂದಾಗ ಹೆಣ್ಣಿನ ಬಾಯಿಯನ್ನು ಮುಚ್ಚಿಸುವುದು ಬಿಷಪ್ಪರಿಗೂ ಸುಲಭವಲ್ಲ.

1150ರ ಸುಮಾರಿಗೆ ಅವಳು ಗಂಡಸರ ಮಠದ ನೆರಳನ್ನು ಬಿಟ್ಟು, ಸುಮಾರು 20 ಸನ್ಯಾಸಿನಿಯರನ್ನು ಕರೆದುಕೊಂಡು, ಬಿಂಗೆನ್ ಬಳಿಯ ರೂಪರ್ಟ್ಸ್‌ಬರ್ಗ್‌ನಲ್ಲಿ ಸ್ವಂತ ಮಠ ಕಟ್ಟಿಸಿದಳು. ಹಿಂದಿನ ಮಠಾಧಿಪತಿ ಕಳಿಸಲು ಒಪ್ಪದಿದ್ದಾಗ, ಕಲ್ಲಿನಂತೆ ಹಾಸಿಗೆ ಹಿಡಿದು ಮಲಗಿ, ಅವನೇ ಬಂದು ತಲೆ ಎತ್ತಿಸಲಾಗದೆ ಸೋತು ಒಪ್ಪುವಂತೆ ಮಾಡಿದಳೆಂದು ಅವಳ ಚರಿತ್ರೆ ಹೇಳುತ್ತದೆ. ಡಿಸಿಬೋಡೆನ್‌ಬರ್ಗ್ ಇದ್ದದ್ದು ಗ್ಲಾನ್ ಮತ್ತು ನಾಹೆ ನದಿಗಳು ಕೂಡುವಲ್ಲಿ. ರೂಪರ್ಟ್ಸ್‌ಬರ್ಗ್ ಇದ್ದದ್ದು ನಾಹೆ ರೈನ್ ನದಿಯನ್ನು ಕೂಡುವಲ್ಲಿ. ಮಲಪ್ರಭೆ ಕೃಷ್ಣೆಯನ್ನು ಕೂಡುವ ನಮ್ಮ ಕೂಡಲಸಂಗಮದಲ್ಲಿ ಅದೇ ಶತಮಾನದಲ್ಲಿ ಒಬ್ಬ ಹುಡುಗ ಓದು ಕಲಿಯುತ್ತಿದ್ದ ಎಂಬುದು ಕಾಕತಾಳೀಯವೇ ಸರಿ, ಆದರೂ ನಕಾಶೆಯ ಮೇಲೆ ಬೆರಳಿಟ್ಟು ನೋಡುವಾಗ ಮನಸ್ಸು ಅರಳಿದ್ದು ಸುಳ್ಳಲ್ಲ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ರೂಪರ್ಟ್ಸ್‌ಬರ್ಗ್‌ನ ಸನ್ಯಾಸಿನಿಯರು ಹಬ್ಬದ ದಿನಗಳಲ್ಲಿ ಕೂದಲನ್ನು ಇಳಿಬಿಟ್ಟು, ನೆಲ ಮುಟ್ಟುವ ಬಿಳಿಯ ರೇಷ್ಮೆಯ ಸೆರಗು ಹೊದ್ದು, ತಲೆಗೆ ಬಂಗಾರದ ಕಿರೀಟವಿಟ್ಟು ಹಾಡಲು ನಿಲ್ಲುತ್ತಿದ್ದರು. ಕುಲೀನ ಮನೆತನದವರಿಗಲ್ಲದೆ ಬೇರೆಯವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆಂಡರ್ನಾಖ್ ಎಂಬ ಊರಿನ ಟೆಂಗ್ಸ್‌ವಿಚ್ ಎಂಬ ಮತ್ತೊಬ್ಬ ಮಠದ ಹಿರಿಯಳು ಇದನ್ನು ಪ್ರಶ್ನಿಸಿ, ಮೇಲೆ ವಿನಯ ತುಂಬಿದ, ಒಳಗೆ ಚೂರಿಯಂಥ ಒಂದು ಪತ್ರ ಬರೆದಳು: ಯೇಸು ಪ್ರಭು ತನ್ನ ಸಭೆಗೆ ಆರಿಸಿಕೊಂಡದ್ದು ಮೀನುಗಾರರನ್ನು, ಬಡವರನ್ನು ಅಲ್ಲವೇ? ಹಿಲ್ಡೆಗಾರ್ಡಳ ಉತ್ತರ ಉಳಿದಿದೆ. ಎತ್ತು, ಕತ್ತೆ, ಕುರಿ, ಆಡು ಎಲ್ಲವನ್ನೂ ಒಂದೇ ಕೊಟ್ಟಿಗೆಯಲ್ಲಿ ಯಾರಾದರೂ ಕೂಡುತ್ತಾರೆಯೇ ಎಂದು ಅವಳು ಕೇಳಿದಳು. ಹರಳಯ್ಯ ಮತ್ತು ಮಧುವರಸರ ಕತೆಯನ್ನು ಕೇಳಿ ಬೆಳೆದ ನಾನು ಈ ಉತ್ತರವನ್ನು ಓದಿದ ದಿನ ಮೊಬೈಲನ್ನು ದೂರ ಇಟ್ಟೆ. ಕಾಲಧರ್ಮ ಎಂದು ಹೇಳಿ ಜಾರಿಕೊಳ್ಳುವಂತೆಯೂ ಇಲ್ಲ. ಟೆಂಗ್ಸ್‌ವಿಚ್ ಬದುಕಿದ್ದೂ ಅದೇ ಕಾಲದಲ್ಲಿಯೇ. ಆತ್ಮವೆಲ್ಲ ಸ್ವರಮೇಳ ಎಂದವಳು ಆ ಮೇಳದಲ್ಲಿ ನಿಲ್ಲುವವರ ಕುಲ ನೋಡಿದಳು ಎಂಬುದನ್ನು ಅವಳ ಭಕ್ತರು ಬರೆದ ಪರಿಚಯಗಳಲ್ಲಿ ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗೆ ಹಾಗೆ ದಾಟಲು ಬರಲಿಲ್ಲ.

ಎರಡು ದಿನಗಳ ನಂತರ ಮತ್ತೆ ಕೇಳಲು ಶುರುಮಾಡಿದ್ದು ಗೆಳತಿಯ ಒತ್ತಾಯಕ್ಕೆ. ಈ ಸಲ ಹಾಡುಗಳಲ್ಲ, ಸದ್ಗುಣಗಳನ್ನು ಕುರಿತು 1151ರ ಸುಮಾರಿಗೆ ಅವಳು ರಚಿಸಿದ ಗೇಯನಾಟಕ. ದಾರಿ ತಪ್ಪಿದ ಒಂದು ಆತ್ಮ, ಅದನ್ನು ಮರಳಿ ಕರೆಯುವ ವಿನಯ, ಪ್ರೀತಿ, ತಾಳ್ಮೆ, ವಿಜಯ ಮೊದಲಾದ ಸದ್ಗುಣಗಳು, ಮತ್ತು ಅದನ್ನು ಎಳೆದೊಯ್ಯಲು ಬರುವ ಸೈತಾನ. ಎಲ್ಲರೂ ಹಾಡುತ್ತಾರೆ, ಸೈತಾನನೊಬ್ಬನನ್ನು ಬಿಟ್ಟು. ಅವನ ಪಾತ್ರಕ್ಕೆ ಅವಳು ಒಂದು ಸ್ವರವನ್ನೂ ಬರೆಯಲಿಲ್ಲ; ಅವನು ಕೂಗುತ್ತಾನೆ, ಅರಚುತ್ತಾನೆ, ಅಣಕಿಸುತ್ತಾನೆ, ಆದರೆ ಹಾಡಲಾರ. ಶ್ರೀಕೃಷ್ಣ ಪಾರಿಜಾತದ ಆಟ ನೋಡಿ ಬೆಳೆದ ನಮ್ಮ ಸೀಮೆಯವರಿಗೆ ಪಾತ್ರಗಳು ಹಾಡುತ್ತ ಜಗಳವಾಡುವುದು ಹೊಸತಲ್ಲ. ಆದರೆ ಕೆಡುಕನ್ನು ತೋರಿಸಲು ಬೇರೆ ಬಣ್ಣ, ಬೇರೆ ವೇಷ ಹುಡುಕದೆ, ಅದರ ಬಾಯಿಂದ ಸ್ವರವನ್ನೇ ಕಿತ್ತುಕೊಳ್ಳುವ ಯೋಚನೆ ನನ್ನನ್ನು ಬೆಚ್ಚಿಸಿತು. ಕೊರಳಲ್ಲಿ ಪಾಟಿ ಹಾಕಿಕೊಂಡು ಆ ನಾಟಕವನ್ನು ಕೇಳುವಾಗ ನಾನು ಯಾರ ಪಕ್ಷದಲ್ಲಿದ್ದೇನೆಂಬ ಅನುಮಾನವೂ ಬಂತು.

ಇನ್ನು ಆ ಜಗಳ. 1178ರಲ್ಲಿ, ಹಿಲ್ಡೆಗಾರ್ಡಳಿಗೆ ಎಂಬತ್ತು ವರ್ಷವಾಗಿದ್ದಾಗ, ರೂಪರ್ಟ್ಸ್‌ಬರ್ಗ್‌ನ ಸ್ಮಶಾನದಲ್ಲಿ ಒಬ್ಬ ಕುಲೀನನನ್ನು ಹೂಳಲಾಯಿತು. ಅವನು ಒಂದು ಕಾಲದಲ್ಲಿ ಧರ್ಮಸಭೆಯ, ಎಂದರೆ ಚರ್ಚಿನ, ಬಹಿಷ್ಕಾರಕ್ಕೆ ಒಳಗಾಗಿದ್ದವನು. ಸಾಯುವ ಮೊದಲು ಅವನು ಪಾಪನಿವೇದನೆ ಮಾಡಿ, ಪರಮಪ್ರಸಾದ ಪಡೆದು, ಸಭೆಯೊಡನೆ ಒಂದಾಗಿದ್ದನೆಂಬುದು ಹಿಲ್ಡೆಗಾರ್ಡಳ ವಾದ. ಮೈಂಟ್ಸ್ ನಗರದ ಧರ್ಮಾಧಿಕಾರಿಗಳು ಇದನ್ನು ಒಪ್ಪದೆ, ಹೆಣವನ್ನು ತೆಗೆದು ಹೊರಗೆ ಹಾಕಬೇಕೆಂದು ಆಜ್ಞೆ ಮಾಡಿದರು. ಅವಳು ಒಪ್ಪಲಿಲ್ಲ. ಗೋರಿಯ ಗುರುತೇ ಸಿಗದಂತೆ ತಾನೇ ಊರುಗೋಲಿನಿಂದ ಮಣ್ಣು ಸಮಮಾಡಿದಳೆಂಬ ಕತೆಯಿದೆ. ಅಧಿಕಾರಿಗಳು ಇಡೀ ಮಠದ ಮೇಲೆ ನಿಷೇಧ ಹೇರಿದರು: ಬಲಿಪೂಜೆ ನಡೆಯಕೂಡದು, ಪರಮಪ್ರಸಾದ ಸಿಗದು, ನಿತ್ಯದ ಕೀರ್ತನೆಗಳನ್ನು ಹಾಡಕೂಡದು. ಬಾಗಿಲು ಮುಚ್ಚಿ, ತಗ್ಗಿದ ದನಿಯಲ್ಲಿ ಓದಿಕೊಳ್ಳಬಹುದು, ಅಷ್ಟೇ.

ತಗ್ಗಿದ ದನಿಯಲ್ಲಿ ಓದಿಕೊಳ್ಳುವುದು ಎಂಬಲ್ಲಿಗೆ ಬಂದಾಗ ನನಗೆ ಡಾಕ್ಟರ ಮಾತು ಥಟ್ಟನೆ ನೆನಪಾಯಿತು. ಹೊರಗಿನಿಂದ ನೋಡುವವರಿಗೆ ಅದು ದೊಡ್ಡ ಶಿಕ್ಷೆಯೆಂದು ಅನಿಸುವುದಿಲ್ಲ. ಪ್ರಾರ್ಥನೆಯ ಪದಗಳು ಅವೇ, ಹೊತ್ತು ಅದೇ, ದೇವರೂ ಅವನೇ. ಆದರೆ ದಿನಕ್ಕೆ ಎಂಟು ಸಲ ಎದೆ ತೆರೆದು ಹಾಡಿದ ಹೆಂಗಸರು ಅವೇ ಪದಗಳನ್ನು ಗಂಟಲು ಬಿಗಿಹಿಡಿದು ಪಿಸುಗುಟ್ಟುವುದೆಂದರೆ ಏನೆಂಬುದು ಒಂದು ವಾರ ಬಾಯಿ ಮುಚ್ಚಿದ್ದವರಿಗೆ ತಿಳಿಯುತ್ತದೆ. ಮೌನದ ಮೂರನೆಯ ದಿನ ನನಗೆ ಉಸಿರೇ ಬೇರೆಯಾದಂತೆ ಅನಿಸಿತ್ತು. ಹಾಡುವವರ ಉಸಿರು ಹೊಟ್ಟೆಯ ತಳದಿಂದ ಏಳುತ್ತದೆ. ಹಾಡು ನಿಂತಾಗ ಅದು ಎದೆಯ ಮೇಲ್ಭಾಗದಲ್ಲಿಯೇ ಬಂದು ಹೋಗುವ ಅತಿಥಿಯಾಗುತ್ತದೆ.

ಹಿಲ್ಡೆಗಾರ್ಡ್ ನಿಷೇಧವನ್ನು ಪಾಲಿಸಿದಳು, ಹೆಣವನ್ನು ಮಾತ್ರ ತೆಗೆಯಲಿಲ್ಲ. ಪಾಲಿಸುತ್ತಲೇ ಮೈಂಟ್ಸ್‌ನವರಿಗೆ ಒಂದು ದೀರ್ಘ ಪತ್ರ ಬರೆದಳು, ಅವಳ ಸಂಗೀತದ ತತ್ವವೆಲ್ಲ ಆ ಪತ್ರದಲ್ಲಿದೆ. ಪಾಪಕ್ಕೆ ಬೀಳುವ ಮುಂಚೆ ಮೊದಲ ಮನುಷ್ಯ ಆದಾಮನ ಕಂಠದಲ್ಲಿ ದೇವದೂತರ ದನಿಯಿತ್ತು, ತಪ್ಪು ಮಾಡಿ ಅವನು ಅದನ್ನು ಕಳೆದುಕೊಂಡ, ಆ ನೆನಪನ್ನು ಎಬ್ಬಿಸಲೆಂದೇ ಪ್ರವಾದಿಗಳು ಕೀರ್ತನೆಗಳನ್ನೂ ವಾದ್ಯಗಳನ್ನೂ ರಚಿಸಿದರು, ಎನ್ನುತ್ತಾಳೆ. ರಾಗವೊಂದನ್ನು ಕೇಳಿದಾಗ ಮನುಷ್ಯ ಕಾರಣವಿಲ್ಲದೆ ನಿಟ್ಟುಸಿರಿಡುವುದು ಆ ಕಳೆದುಹೋದ ಊರಿನ ನೆನಪಿಗೆ. ದೇಹ ಆತ್ಮದ ಉಡುಪು, ಆತ್ಮಕ್ಕೆ ಜೀವಂತ ದನಿಯಿದೆ, ಆದ್ದರಿಂದ ದೇಹವೂ ಆತ್ಮದ ಜೊತೆಗೆ ಬಾಯಿಬಿಟ್ಟು ಹಾಡುವುದೇ ನ್ಯಾಯ. ತನ್ನ ಕಾಯವನ್ನೇ ದಂಡಿಗೆ ಮಾಡು, ನರವನ್ನು ತಂತಿ ಮಾಡು ಎಂದು ಕೇಳಿಕೊಂಡವರ ನಾಡಿನಲ್ಲಿ ಈ ಮಾತಿಗೆ ಭಾಷ್ಯ ಬೇಕಿಲ್ಲ. ಬೆರಳಿನ ಗಿಣ್ಣುಗಳ ಮೇಲೆ ಹಾಡನ್ನು ಹೊಂದಿಸಿ ಕಲಿಸಿದ ಹಿರಿಯರನ್ನೂ ಅವಳು ನೆನೆಯುತ್ತಾಳೆ. ಆದಾಮ ದೇವರ ಬೆರಳಿನಿಂದ ರೂಪುಗೊಂಡವನೆಂಬುದರ ನೆನಪಿಗಾಗಿ ಅವರು ಹಾಗೆ ಮಾಡಿದರಂತೆ. ಬೆರಳ ಗಿಣ್ಣುಗಳ ಮೇಲೆ ಮಾತ್ರೆ ಎಣಿಸುವುದನ್ನು ನನಗೆ ಕಲಿಸಿದ ಗುರುಗಳು ಇಂಥದೊಂದು ಕಾರಣವನ್ನು ಕೇಳಿದ್ದರೆ ಬಹಳ ನಗುತ್ತಿದ್ದರು, ಆಮೇಲೆ ಅದನ್ನೇ ಮುಂದಿನ ಶಿಷ್ಯರಿಗೆ ಹೇಳುತ್ತಿದ್ದರು.

ಪತ್ರದ ಕೊನೆಯ ಭಾಗ ಬೆದರಿಕೆ. ಮನುಷ್ಯ ಹಾಡತೊಡಗಿದಾಗ ಸೈತಾನನಿಗೆ ತಳಮಳವಾಯಿತು, ಅಂದಿನಿಂದ ಅವನು ಹಾಡನ್ನು ಕೆಡಿಸಲು ಹೊರಗಿನವರಿಂದಷ್ಟೇ ಅಲ್ಲ, ಸಭೆಯ ಒಳಗಿನಿಂದಲೂ ಯತ್ನಿಸುತ್ತಿದ್ದಾನೆ, ಆದ್ದರಿಂದ ದೇವರನ್ನು ಹಾಡುವವರ ಬಾಯಿ ಮುಚ್ಚಿಸುವ ಮೊದಲು ನೀವು ಎಚ್ಚರವಾಗಿರಿ, ನ್ಯಾಯವಾದ ಕಾರಣವಿಲ್ಲದೆ ಮೌನ ಹೇರಿದವರಿಗೆ ಪರಲೋಕದಲ್ಲಿ ದೇವದೂತರ ಹಾಡಿನಲ್ಲಿ ಪಾಲಿರುವುದಿಲ್ಲ, ಎಂದು ಎಂಬತ್ತರ ಮುದುಕಿ ತನ್ನ ಮೇಲಧಿಕಾರಿಗಳಿಗೆ ಬರೆಯುತ್ತಾಳೆ. ಹಾಡದ ಸೈತಾನನನ್ನು ಸುಮಾರು ಮೂವತ್ತು ವರ್ಷಗಳ ಹಿಂದೆಯೇ ರಂಗದ ಮೇಲೆ ತಂದಿದ್ದವಳ ಮಾತು ಇದು. ಯಾರನ್ನು ಯಾರಿಗೆ ಹೋಲಿಸುತ್ತಿದ್ದಾಳೆಂಬುದು ಓದಿದವರಿಗೆ ತಿಳಿಯದೆ ಇರಲಿಲ್ಲ. ಆಗ ಇಟಲಿಯಲ್ಲಿದ್ದ ಆರ್ಚ್‌ಬಿಷಪ್ ಕ್ರಿಶ್ಚಿಯನ್‌ನವರೆಗೆ ಮೊರೆ ಹೋಗಿ, ಸಾಕ್ಷಿಗಳನ್ನು ಒದಗಿಸಿ, 1179ರ ಮಾರ್ಚಿನ ಹೊತ್ತಿಗೆ ನಿಷೇಧ ತೆರವಾಯಿತು. ಹಿಲ್ಡೆಗಾರ್ಡ್ ತೀರಿಕೊಂಡದ್ದು ಅದೇ ವರ್ಷ ಸೆಪ್ಟೆಂಬರ್ 17ರಂದು. ಆರು ತಿಂಗಳ ಹಾಡು ಅವಳಿಗೆ ಮರಳಿ ಸಿಕ್ಕಿತು.

ಅವಳ 70ಕ್ಕೂ ಹೆಚ್ಚು ಹಾಡುಗಳೂ ನಾಟಕವೂ ಉಳಿದು ಬಂದದ್ದು ಮುಖ್ಯವಾಗಿ ಎರಡು ಹಸ್ತಪ್ರತಿಗಳಿಂದ. ಅವುಗಳಲ್ಲಿ ಸುಮಾರು 15 ಕಿಲೋ ತೂಗುವ ಮಹಾಪ್ರತಿ ಈಗ ವೀಸ್‌ಬಾಡೆನ್ ನಗರದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದನ್ನೂ, ಅವಳ ಮೊದಲ ದರ್ಶನಗ್ರಂಥದ ಚಿತ್ರಸಹಿತ ಪ್ರತಿಯನ್ನೂ ಡ್ರೆಸ್ಡೆನ್‌ನ ಬ್ಯಾಂಕಿನ ನೆಲಮಾಳಿಗೆಯಲ್ಲಿ ಇಟ್ಟಿದ್ದರು; ಚಿತ್ರಗಳ ಪ್ರತಿ ಕಳೆದುಹೋಯಿತು, ಹಾಡುಗಳ ಪ್ರತಿ ಉಳಿಯಿತು. 2012ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವಳನ್ನು ಸಂತಳೆಂದೂ ಧರ್ಮಸಭೆಯ ಆಚಾರ್ಯಳೆಂದೂ ಘೋಷಿಸಿದರು. ಅವಳ ಹೆಸರಿನಲ್ಲಿ ಈಗ ಗಿಡಮೂಲಿಕೆ, ಬಿಸ್ಕೀಟು, ಹರಳುಕಲ್ಲು ಮಾರುವವರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಮೌನದ ನಾಲ್ಕನೆಯ ವಾರದಲ್ಲಿ ಒಂದು ಭಾನುವಾರ ನಾನು ಬಸ್ಸಿನಲ್ಲಿ ಸುಳೇಭಾವಿಗೆ ಹೋಗಿದ್ದೆ. ಅಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ, ಎಂದರೆ ಕುಮಾರ ಗಂಧರ್ವರು, ಕ್ಷಯರೋಗದಿಂದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಾಗ ಡಾಕ್ಟರು ಅವರಿಗೂ ಹಾಡಬಾರದೆಂದಿದ್ದರು. ಅವರು ಆ ದಿನಗಳಲ್ಲಿ ಮಾಳವದ ಹೆಂಗಸರ ಹಾಡುಗಳನ್ನು ಕೇಳುತ್ತ ಮಲಗಿದ್ದರು, ಎದ್ದ ಮೇಲೆ ಹಾಡಿದ್ದು ಬೇರೆಯೇ ಹಾಡು. ನನ್ನ ಒಂದು ತಿಂಗಳನ್ನು ಅದರ ಪಕ್ಕದಲ್ಲಿ ಇಡುವ ಧೈರ್ಯ ನನಗಿಲ್ಲ. ಆದರೆ ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು, ಇಯರ್‌ಫೋನಿನಲ್ಲಿ ಆ ಪ್ರೀತಿಯ ಹಾಡನ್ನು ಹಾಕಿಕೊಂಡು, ಮಳೆ ನಿಲ್ಲುವುದನ್ನು ಕಾಯುತ್ತಿದ್ದಾಗ, ತುಟಿ ಮುಚ್ಚಿಯೇ ಇದ್ದರೂ ಪ್ರತಿ ನೆಗೆತಕ್ಕೂ ನನ್ನ ಹೊಟ್ಟೆಯ ಸ್ನಾಯುಗಳು ಸಿದ್ಧವಾಗುತ್ತಿದ್ದುದನ್ನು ಗಮನಿಸಿದೆ.

ಆಗಸ್ಟ್ ಮೊದಲ ವಾರದಲ್ಲಿ ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿ, ಗಂಟುಗಳು ಸಾಕಷ್ಟು ಕರಗಿವೆ ಎಂದು ಹೇಳಿ, ದಿನಕ್ಕೆ ಹತ್ತು ನಿಮಿಷ ಮೆಲ್ಲಗೆ ಸ್ವರ ಹಿಡಿಯಬಹುದೆಂದರು. ಮನೆಗೆ ಬಂದು ತಂಬೂರಿಯ ಗವಸು ತೆಗೆದೆ. ಮಂದ್ರದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಮನಸ್ಸು ಹೇಳುತ್ತಿತ್ತು, ಕಂಠ ಕೇಳಲಿಲ್ಲ. ಷಡ್ಜ ಹಿಡಿದ ಮರುಕ್ಷಣವೇ ಪಂಚಮಕ್ಕೆ ನೆಗೆದುಬಿಟ್ಟೆ. ಒಳಗಿನ ಕೋಣೆಯಲ್ಲಿ ಓದುತ್ತಿದ್ದ ಮಗಳು ಪುಸ್ತಕದಿಂದ ತಲೆ ಎತ್ತದೆಯೇ ಕೂಗಿದಳು: "ಅವ್ವಾ, ಪಂಚಮ ಇನ್ನೂ ಸ್ವಲ್ಪ ಕೆಳಗ ಐತಿ."